ಸ್ಟಿಯರಿಂಗ್ ಬಿಗಿಯಾದ ಗುರುವಾರ

ಈ ವಯಸ್ಸಿನಲ್ಲಿ ಗಂಡನ ಮೇಲೆ ಅನುಮಾನಪಡುವುದು ಡೀಸೆಂಟ್ ಅಲ್ಲ, ಗೊತ್ತು. ಆದರೆ ಜೀವಮಾನದಲ್ಲಿ ಒಂದು ಬಲ್ಬ್ ಬದಲಿಸದ ಮನುಷ್ಯ ಇದ್ದಕ್ಕಿದ್ದಂತೆ ಪಾನಾ ಹಿಡಿದು ನನ್ನ ಗಾಡಿಯ ಕೆಳಗೆ ತೂರಿಕೊಂಡರೆ ಯಾವ ಹೆಂಗಸು ತಾನೇ ಸುಮ್ಮನಿರುತ್ತಾಳೆ?

ಗಾಡಿ ಎಂದರೆ ನಮ್ಮ ಹಳೆಯ ಎಸ್‌ಯುವಿ. ಕಾಗದದಲ್ಲಿ ಇವರದು, ಪ್ರೀತಿಯಲ್ಲಿ ನನ್ನದು. ಪ್ರತಿ ಗುರುವಾರ ನಾನೇ ಅದನ್ನು ಓಡಿಸಿಕೊಂಡು ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ, ತಂಗಿ ಸುಮಿತ್ರಾಳ ಕೈಯ ರೊಟ್ಟಿ ತಿಂದು, ಕೆಂಪು ಬಾಳೆಹಣ್ಣು ಹೇರಿಕೊಂಡು ಬರುವುದು ರೂಢಿ. ಕಾನ್ವೆಂಟ್ ಬೋರ್ಡಿಂಗಿನಲ್ಲಿ ಗೇಟಿನಾಚೆ ಕಾಲಿಡಲೂ ಪರ್ಮಿಷನ್ ಬೇಡುತ್ತಿದ್ದ ಹುಡುಗಿಗೆ ಎಷ್ಟೋ ತಡವಾಗಿ ಸಿಕ್ಕ ಫ್ರೀಡಂ ಅದು. ಇತ್ತೀಚೆಗೆ ಮಾತ್ರ ಸ್ಟಿಯರಿಂಗ್ ಲೂಸಾಗಿತ್ತು. ಅಂಗೈಯಗಲ ತಿರುಗಿಸಿದ ಮೇಲೆಯೇ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ನಾನು ಅಡ್ಜಸ್ಟ್ ಮಾಡಿಕೊಂಡಿದ್ದೆ. ಇವರಿಗೂ ಒಂದು ಮಾತನ್ನು ಎರಡು ಸಲ ಹೇಳಿದರೇ ಕೇಳಿಸುವುದು. ಅದಕ್ಕೆಂದು ಇವರನ್ನು ನಾನು ರಿಪೇರಿಗೆ ಬಿಟ್ಟಿದ್ದೇನೆಯೇ?

ಒಂದು ದಿನ ಇವರು ಫೋನಿನಲ್ಲಿ ಪಿಸುಗುಡುವುದು ಕೇಳಿಸಿತು. “ಆಯ್ತು, ಆಯ್ತು. ಅಕಿಗಿ ಗೊತ್ತಾಗಲಾರ್ದಂಗ ನೋಡ್ತೀನಿ.” ಯಾರೆಂದು ಕೇಳಿದರೆ “ರಾಂಗ್ ನಂಬರ್” ಎಂದರು. ಮರುದಿನವೇ ಘೋಷಣೆ: “ಗಾಡಿ ನಾನ ಮನ್ಯಾಗ ರಿಪೇರಿ ಮಾಡ್ತೀನಿ. ಅಲ್ಲೀತನಾ ಕಮಲಾಪುರ ಬಂದ್. ಆಮ್ಯಾಲೂ ನೀ ಸೀದಾ ಹೊಡಿಲಿಲ್ಲಂದ್ರ ಮಾರೇಬಿಡೂದು.”

ನನಗೆ ಎಲ್ಲ ಕ್ಲಿಯರ್ ಆಯಿತು. ರಿಪೇರಿಯ ನೆಪದಲ್ಲಿ ಇನ್ನಷ್ಟು ಸಡಿಲಿಸಿ, ನನ್ನ ಕೈಯಿಂದ ಚಾವಿ ಕಸಿದುಕೊಳ್ಳುವ ಪ್ಲಾನ್!

ವಾರವಿಡೀ ಚಹಾದ ಕಪ್ಪು ಹಿಡಿದು ಪೋರ್ಚಿನಲ್ಲಿ ಕಾವಲು ಕೂತೆ. ಇವರು ಮೊಬೈಲಿನಲ್ಲಿ ವಿಡಿಯೋ ನೋಡುವುದು, ಗೋಣಿಚೀಲ ಹಾಸಿ ಗಾಡಿಯಡಿ ಮಲಗುವುದು, ಕೆಳಗಿನ ಕೊಂಡಿಗಳನ್ನೆಲ್ಲ ಅಲುಗಾಡಿಸಿ “ಇವೆಲ್ಲಾ ಛಲೋ ಅವ” ಎನ್ನುವುದು. ಕೊನೆಗೆ ಬಾನೆಟ್ ಎತ್ತಿ, ಸ್ಟಿಯರಿಂಗ್ ಬಾಕ್ಸಿನ ಮೇಲಿನ ಸ್ಕ್ರೂಗೆ ಕೈಹಾಕಿದರು.

“ಎತ್ಲಾಗ ತಿರುವ್ಲತ್ತೀರಿ?” ಎಂದೆ.

“ಬಿಗಿ ಆಗೂ ಕಡೀಗಿ.”

“ಅದು ಯಾವ ಕಡೀಗಂತ ಕೇಳ್ಲತ್ತೀನ್ರಿ.”

“ಏ ನಮ್ಮವ್ವಾ, ನೀ ಪೊಲೀಸ್‌ನ್ಯಾಗ ಇರಬೇಕಿತ್ತ ನೋಡು.”

ಇವರು ಊಟಕ್ಕೆ ಕೂತಾಗ ನಾನು ಹೋಗಿ ಆ ಸ್ಕ್ರೂ ಮೇಲೆ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದು ಬಂದೆ. ಕದ್ದು ತಿರುಗಿಸಿದರೆ ಎವಿಡೆನ್ಸ್ ಬೇಡವೇ? ಸಂಜೆ ಇವರು ಗೆರೆ ನೋಡಿದರು, ನನ್ನ ಉಗುರು ನೋಡಿದರು, ಸಿಳ್ಳೆ ಹಾಕುತ್ತ ಬಾನೆಟ್ ಮುಚ್ಚಿದರು. ಅದೂ ನನಗೆ ಅನುಮಾನವೇ.

ಗುರುವಾರ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಜಗತ್ ಸರ್ಕಲ್ಲಿನಲ್ಲಿ ಅಭ್ಯಾಸದಂತೆ ಅಂಗೈಯಗಲ ಹೆಚ್ಚಿಗೆ ತಿರುಗಿಸಿದೆನೋ ಇಲ್ಲವೋ, ಗಾಡಿ ಸೀದಾ ಹಣ್ಣಿನ ಬಂಡಿಯತ್ತ ನುಗ್ಗಿತು! ಬ್ರೇಕ್ ಒತ್ತಿದೆ. ಬಂಡಿಯವನು ಕೂಗಿದ, “ಅಮ್ಮಾ, ಹಣ್ಣು ಬೇಕಂದ್ರ ಇಳದು ಬರ್ರಿ!”

“ಏನ್ ಮಾಡೀರಿ ನನ್ನ ಗಾಡಿಗಿ?” ಎಂದು ಇವರ ಮೇಲೆ ಹರಿಹಾಯ್ದೆ.

ಇವರು ಬಾಗಿಲ ಹಿಡಿಕೆ ಬಿಡದೆ ಹೇಳಿದರು, “ಗಾಡ್ಯಾಗಿನ ಸಡಲ ತಗದೀನಿ. ನಿನ್ನ ಕೈಯಾಗಿಂದು ಹ್ಯಾಂಗ ತಗೀಲಿ?”

ಮೊಣಕೈ ಪಕ್ಕೆಗೆ ಒತ್ತಿಕೊಂಡು, ಗಾಜಿನ ಸಾಮಾನು ಹಿಡಿದಂತೆ ಸ್ಟಿಯರಿಂಗ್ ಹಿಡಿದು, ಎತ್ತಿನ ಬಂಡಿಯೂ ಓವರ್‌ಟೇಕ್ ಮಾಡುವ ಸ್ಪೀಡಿನಲ್ಲಿ ಹೊರಟೆ. ಊರು ದಾಟುವಷ್ಟರಲ್ಲಿ ಕೈಗೆ ಬುದ್ಧಿ ಬಂತು. ಕಮಲಾಪುರದ ಇಕ್ಕಟ್ಟಾದ ಓಣಿಯಲ್ಲಿ ಗೆರೆ ಎಳೆದಂತೆ ನಡೆಸಿ ತಂಗಿಯ ಬಾಗಿಲಿಗೆ ತಂದು ನಿಲ್ಲಿಸಿದೆ. ಇವರು ಹಿಡಿಕೆ ಬಿಟ್ಟು “ಇನ್ನ ಮಾರೂದಿಲ್ಲ” ಎಂದರು. ಎದೆ ಉಬ್ಬಿಸಿ ಇಳಿದೆ.

ಸುಮಿತ್ರಾ ಅಡುಗೆಮನೆಯ ಕಿಟಕಿಯಿಂದ ಗಾಡಿಯನ್ನಷ್ಟೇ ಕಂಡಿದ್ದಳಂತೆ. ಹಿಟ್ಟಿನ ಕೈಯಲ್ಲೇ ಓಡಿಬಂದು ಇವರಿಗೆ ಹೇಳಿದಳು, “ಛಲೋ ಮಾಡಿದ್ರಿ ಮಾಮಾ! ಅಕ್ಕನ ಕೈಯಾಗ ಗಾಡಿ ಕೊಡಬ್ಯಾಡ್ರಿ ಅಂತ ಫೋನಿನ್ಯಾಗ ಬಡ್ಕೊಂಡಿದ್ದೆ. ಇವತ್ತ ನೀವ ಹೊಡ್ಕೊಂಡ್ ಬಂದೀರಿ, ನೋಡ್ರಿ ಹ್ಯಾಂಗ ಸೀದಾ ಬಂತು!”

“ಇಲ್ಲವ್ವಾ, ನಿಮ್ಮಕ್ಕನ ಹೊಡ್ಕೊಂಡ್ ಬಂದಾಳ,” ಎಂದರು ಇವರು.

ಸುಮಿತ್ರಾ ಇವರನ್ನು ಒಮ್ಮೆ, ನನ್ನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದಳು. ಒಂದಕ್ಷರ ನಂಬಲಿಲ್ಲ. ಆ ಕಣ್ಣನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಊಟಕ್ಕೆ ಮುಂಚೆ ಕೈ ತೊಳೆಯಲು ಹೋದಾಗ, ಬಚ್ಚಲಿನ ಕನ್ನಡಿಯಲ್ಲಿ ಅದೇ ಕಣ್ಣು ಮತ್ತೆ ಕಂಡಿತು.