ಒಣಗದ ವಾರ್ನಿಷ್ ಮತ್ತು ಅಮ್ಮನ ಧಾರೆ ಸೀರೆ

ಅಕ್ಕನ ದಿಬ್ಬಣದ ದೋಣಿಗೆ ನಾನು ಗೋಂದು ಬಳಿದೆ ಎಂಬ ಕಥೆ ವಂಡ್ಸೆಯಿಂದ ತೆಕ್ಕಟ್ಟೆಯವರೆಗೆ ಓಡಾಡುತ್ತಿದೆ. ಸಭಿಕರೇ, ಈ ಆರೋಪವನ್ನು ನಾನು ಬಲವಾಗಿ ಖಂಡಿಸುತ್ತೇನೆ. ಅದು ಗೋಂದಲ್ಲ. ವಾರ್ನಿಷ್!

ನಮ್ಮ ಮನೆ ಇರುವುದು ಹೊಳೆಯ ನಡುವಿನ ಕುದ್ರುವಿನಲ್ಲಿ. ಸೇತುವೆ ಇಲ್ಲ. ಅಪ್ಪಯ್ಯನ ಹಳೇ ಮೋಟಾರು ದೋಣಿಯೇ ನಮ್ಮ ರಸ್ತೆ, ನಮ್ಮ ರಿಕ್ಷಾ. ಅದರ ಬೆಂಚುಗಳು ಅಪ್ಪಟ ಸಾಗುವಾನಿಯವು. ಬಿಸಿಲು, ಉಪ್ಪುನೀರು ಕುಡಿದು ಬೂದಿ ಬಣ್ಣಕ್ಕೆ ತಿರುಗಿದ್ದವು. ಮದುವೆ ತಲ್ಲೂರಿನ ಕಲ್ಯಾಣ ಮಂಟಪದಲ್ಲಿ. ಮದುಮಗಳು ಇದೇ ಬೆಂಚಿನ ಮೇಲೆ ಕುಳಿತು ಹೊಳೆ ದಾಟಬೇಕು. ಅದೂ ಅಮ್ಮನ ಧಾರೆ ಸೀರೆ ಉಟ್ಟು! ಆ ಸೀರೆಯನ್ನು ಅಮ್ಮ ಅಲ್ಲಿಯವರೆಗೆ ನಮಗೆ ಮುಟ್ಟಲೂ ಕೊಟ್ಟವಳಲ್ಲ.

"ಸೀರಿಗೆ ಒಂದ್ ಕಲೆ ಆಯ್ತೋ, ಕಾಣ್..." ಎಂದಳು ಅಮ್ಮ. ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಅಪ್ಪಯ್ಯ ಎಂದಿನಂತೆ ಬೆಂಚಿಗೆ ತಿಕ್ಕಲು ಮೀನೆಣ್ಣೆ ಡಬ್ಬ ತೆಗೆದರು. ನಾನು ಅಡ್ಡ ನಿಂತೆ. ಮದುಮಗಳು ಮಂಟಪಕ್ಕೆ ಮೀನಿನ ವಾಸನೆ ಹೊತ್ತು ಹೋಗಬೇಕೆ? ಹಿಂದಿನಿಂದ ಮಾಡುತ್ತಾ ಬಂದದ್ದು ಎಂಬುದೊಂದು ಪುರಾವೆಯೇ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ನಾಲಗೆ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

"ನಿನ್ ಹತ್ರ ಮಾತಾಡಿ ಗೆಲ್ಲುಕೆ ಆತ್ತಾ? ನೀನೇ ಮಾಡ್" ಎಂದು ಅಪ್ಪಯ್ಯ ಡಬ್ಬ ಮುಚ್ಚಿದರು.

ಗೆದ್ದೆ!

ಇಡೀ ದಿನ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದೆ. ಸಂಜೆಗೆ ಬೆಂಚು ಬೆಳ್ಳಗೆ ಒಣಗಿ ನಿಂತಿತು. ನನ್ನ ತೋಳು ಎತ್ತಲು ಬರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ಆಹಾ! ಬೆಂಚು ಬಂಗಾರದ ಹಾಗೆ ಮಿನುಗುತ್ತಿದೆ. ಎಲ್ಲರನ್ನೂ ದಡಕ್ಕೆ ಕರೆದು ಉಪನ್ಯಾಸ ಕೊಟ್ಟೆ.

"ಕಾಣಿ, ಸಾಗುವಾನಿಯ ಒಳಗಿನ ಸಹಜ ತೈಲ ಹೊರಗೆ ಬಂದಿದೆ. ಇದು ನಂಬಿಕೆಯಲ್ಲ, ವಿಜ್ಞಾನ."

"ಸ್ವಲ್ಪ ಹಳದಿ ಕಾಣ್ತಿತ್ತಲ್ದಾ?" ಎಂದರು ಅಪ್ಪಯ್ಯ.

"ಅದೇ ಅಪ್ಪಟ ಮರದ ಲಕ್ಷಣ!"

ಪಕ್ಕದಲ್ಲಿದ್ದ ದೊಡ್ಡಮ್ಮ ಬಾಯಿ ತೆರೆದರು. "ಹೆಣೆ, ಅದ್ ಎಂತ ಅಂದ್ರೆ..."

"ದೊಡ್ಡಮ್ಮ, ಪ್ರಶ್ನೆಗಳೆಲ್ಲ ಕೊನೆಗೆ!"

ವಾರ್ನಿಷ್ ಬಳಿದೆ. ಒಣಗಲಿಲ್ಲ. ಹೊಳೆಯ ತೇವಾಂಶವೇ ಕಾರಣ ಎಂದು ತೀರ್ಪು ಕೊಟ್ಟು ಮೇಲೊಂದು ಕೋಟ್ ಎಳೆದೆ. ಅದೂ ಒಣಗಲಿಲ್ಲ. ಕೋಳಿಪುಕ್ಕವೊಂದು ಹಾರಿ ಬಂದು ಅಲ್ಲೇ ನೆಲೆಸಿತು. ಏರೋಪ್ಲೇನ್ ಚಿಟ್ಟೆಯೊಂದು ಹುತಾತ್ಮವಾಯಿತು.

"ಹ್ವಾಯ್, ನಾಳೆ ಮದಿ!" ಎಂದು ಅಮ್ಮ ಅಂಗಳದಿಂದಲೇ ಕೂಗಿದಳು.

ಅಕ್ಕನ ಮೇಕಪ್ ಪೆಟ್ಟಿಗೆಯಿಂದ ಪೌಡರ್ ಡಬ್ಬ ಎತ್ತಿ ತಂದು ಬೆಂಚಿನ ತುಂಬ ಸುರಿದೆ. ಬಟ್ಟೆಯಿಂದ ಒರೆಸಿ ಬೆರಳಿಟ್ಟು ನೋಡಿದೆ. ಅಂಟಲಿಲ್ಲ. ಸಾಬೀತು!

ಮದುವೆಯ ಬೆಳಿಗ್ಗೆ ಒಳ್ಳೆಯ ಬಿಸಿಲು. ಬೆಂಚು ಮದುಮಗಳಿಗೇ ಮೀಸಲು, ಉಳಿದವರು ದೋಣಿಯ ಅಂಚಿನಲ್ಲಿ. ಅಕ್ಕ ಕುಳಿತಳು. ಒಬ್ಬಳ ಮೈಭಾರ, ಮೇಲಿಂದ ಬಿಸಿಲು. ಈ ಎರಡನ್ನೂ ನನ್ನ ಬೆರಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಚೆ ದಡದಲ್ಲಿ ವಾಲಗ ಶುರುವಾಯಿತು. ಎಲ್ಲರೂ ಎದ್ದರು. ಅಕ್ಕ ಅರ್ಧ ಎದ್ದಳು.

"ನಂಗೆ ಏಳುಕೆ ಆತಿಲ್ಲ, ಮಾರಾಯ್ತಿ!"

ಅಮ್ಮ ನನ್ನ ಮುಖ ನೋಡಿದಳು. ಆ ನೋಟಕ್ಕೆ ಪ್ರತಿವಾದ ಯಾವ ಸ್ಪರ್ಧೆಯಲ್ಲೂ ಕಲಿಸುವುದಿಲ್ಲ.

ವಾಲಗದವರು ಎರಡನೇ ಸಲ ಅದನ್ನೇ ಊದತೊಡಗಿದರು. ದೊಡ್ಡಮ್ಮ ಚೀಲದಿಂದ ತೆಂಗಿನೆಣ್ಣೆ ಬಾಟಲಿ ತೆಗೆದು, ಸೀರೆಯ ಅಂಚಿನಿಂದ ಬೆರಳಲ್ಲಿ ಎಣ್ಣೆ ತೂರಿಸುತ್ತಾ, ಮಗುವಿನ ಗಾಯದ ಪಟ್ಟಿ ಬಿಚ್ಚುವಂತೆ ಮೆಲ್ಲಗೆ ಬಿಡಿಸಿದರು.

"ಅವತ್ತೇ ಇನ್ನೂ ಸ್ವಲ್ಪ ಜಾಸ್ತಿ ಎಣ್ಣಿ ಹಾಕ್ಕಿತ್ತ್. ಹಿಂಗ್ ಅಂಟ್ತಿರ್ಲಿಲ್ಲ" ಎಂದರು.

"ಯಾವತ್ತು? ಯಾವ ಎಣ್ಣೆ?"

"ಮದುಮಗಳಿಗೆ ಎಣ್ಣಿ ಅರ್ಶಿನ ಹಚ್ತ್ರ್. ಅವಳನ್ನ ಹೊತ್ಕಂಡ್ ಹೋಪ ದೋಣಿಗೆ ಬ್ಯಾಡ್ದಾ? ಪಾಪ, ನೀ ಉಜ್ಜಿ ಉಜ್ಜಿ ಮರ ಒಣಗಿ ಹೋಯಿತ್ತ್. ನಾನೇ ಬೆಳಿಗ್ಗೆ ಎದ್ದ್ ಬೆಂಚಿಗೆಲ್ಲ ಹಚ್ಚಿ ಬಂದೆ."

ನನ್ನ ಸಹಜ ತೈಲ! ನನ್ನ ವಿಜ್ಞಾನ! ಎಣ್ಣೆಯ ಮೇಲೆ ವಾರ್ನಿಷ್ ಯಾವ ಜನ್ಮದಲ್ಲೂ ಒಣಗುವುದಿಲ್ಲವೆಂದು ಡಬ್ಬದ ಮೇಲೇ ಅಚ್ಚಾಗಿತ್ತು. ಓದಿದ್ದೆ. ಆದರೆ ನನ್ನ ಲೆಕ್ಕದಲ್ಲಿ ಅದು ಎಣ್ಣೆಯಲ್ಲ, ತೈಲ!

ಸೀರೆ ಬಂತು. ಹಿಂಭಾಗದಲ್ಲಿ ಕಂದು ಬಣ್ಣದ, ಮಿರಿಮಿರಿ ಹೊಳೆಯುವ ಪಟ್ಟೆಯೊಂದೂ ಜೊತೆಗೆ ಬಂತು. ಅಮ್ಮ ಸೆರಗನ್ನು ಆ ಕಡೆಗೆ ಇಳಿಬಿಟ್ಟಳು. ಮಂಟಪದಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರ ಕಣ್ಣಿಗೆ ಅದು ಬಿದ್ದೇ ಬಿತ್ತು.

"ಪಟ್ಟಿ ಲಾಯ್ಕಿತ್ತ್. ಹೊಸ ಡಿಸೈನಾ?"

"ಹೌದ್" ಎಂದಳು ಅಮ್ಮ, ನನ್ನ ಕಡೆ ತಿರುಗದೆ. "ನಮ್ಮ ಸಣ್ಣವಳ್ ಮಾಡಿದ್ದ್. ಭಾರಿ ಬುದ್ಧಿವಂತಿ."

ವಾಪಸು ಬರುವಾಗ ಬೆಂಚುಗಳು ಖಾಲಿ. ದಿಬ್ಬಣದವರೆಲ್ಲ ರೇಷ್ಮೆ ಎತ್ತಿ ಹಿಡಿದು ನಿಂತೇ ಹೊಳೆ ದಾಟಿದರು. ದೊಡ್ಡಮ್ಮನ ಪಕ್ಕ ನಿಂತು, ನನ್ನ ಮಟ್ಟಿಗೆ ಬಹಳ ಸಣ್ಣ ದನಿಯಲ್ಲಿ ಕೇಳಿದೆ:

"ದೊಡ್ಡಮ್ಮ, ಎಣ್ಣೆ ಹಚ್ಚಿದ್ದನ್ನ ನಂಗೆ ಅವತ್ತೇ ಎಂತಕ್ ಹೇಳ್ಲಿಲ್ಲ?"

"ಹೇಳುಕೆ ಬಾಯಿ ತೆಗ್ದಿದ್ದೆ, ಹೆಣೆ. ಪ್ರಶ್ನೆಗಳೆಲ್ಲ ಕೊನೆಗೆ ಅಂದದ್ದ್ ನೀನೇ ಅಲ್ದಾ?"