ಕಿಶೋರನ ಬಿಳಿ ಪುಡಿ

ಎಲ್ಲಕ್ಕೂ ಮೂಲ ಆ ನೀರಿನ ಚೊಂಬು. ಅಂಕೋಲೆಯ ಮೊಬೈಲ್ ಅಂಗಡಿಯ ಕಿಶೋರ ಜಿಮ್ಮಿಗೆ ಸೇರಿ ಆರು ತಿಂಗಳಾಗಿತ್ತು. "ಬರೀ ಈ ಕ್ರಿಯಾಟಿನ್ ಪುಡಿ ಕುಡಿದ್ರೆ ತೋಳು ಬರೂದಿಲ್ಲ, ಭಾರ ಎತ್ಬೇಕು. ಮತ್ತೆ ನೀರು ಚೆನ್ನಾಗಿ ಕುಡೀಬೇಕು," ಎಂದಿದ್ದ ಜಿಮ್ಮಿನ ತರಬೇತುದಾರ ಸಂದೇಶ. ಕಿಶೋರ ಭಾರವನ್ನೂ ಎತ್ತಿದ, ನೀರನ್ನೂ ಕುಡಿದ. ಕುಡಿದ ನೀರು ಸುಮ್ಮನಿರುತ್ತದೆಯೇ? ಗಳಿಗೆಗೊಮ್ಮೆ ಹಿತ್ತಲಿಗೆ ಓಡಬೇಕು.

ಬೇಲಿಯಾಚೆಯ ಗಂಗಕ್ಕನ ಕಣ್ಣಿಗೆ ಬಿದ್ದದ್ದು ಇಷ್ಟೇ: ಎದ್ದ ಕೂಡಲೇ ಬಿಳಿ ಪುಡಿ, ಅದರ ಮೇಲೆ ಚೊಂಬುಗಟ್ಟಲೆ ನೀರು, ಆಮೇಲೆ ಹಿತ್ತಲು.

"ಅಯ್ಯೋ ದೇವ್ರೇ! ಈ ಪೋರಂಗೆ ಶುಗರ್ ಬಂದದೆ!"

ಪಾಪ, ಅವಳಿಗೆ ನಿಜವಾಗಿಯೂ ಅಳು ಬಂತು. ಕಣ್ಣೊರೆಸಿಕೊಂಡು ನೇರ ಮೀನು ಮಾರ್ಕೆಟ್ಟಿಗೆ ಹೋಗಿ ಹೇಳಿದಳು. ಅದೂ ಯಾರಿಗೆ? ಹಾರವಾಡದ ವೈಜಯಂತಿಗೆ! ಅವಳ ಮಗಳು ಚಂದನಾಳಿಗೂ ಕಿಶೋರನಿಗೂ ಸಂಬಂಧದ ಮಾತು ನಡೆದಿತ್ತು. ಅಂದೇ ಸಂಜೆ ಹುಡುಗಿ ಕಡೆಯವರು ಒಪ್ಪಿಗೆ ತಿಳಿಸುವವರಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಿಶೋರನ ಅಂಗಡಿಗೆ ಒಬ್ಬರು ಹಾಗಲಕಾಯಿ ತಂದರು, ಇನ್ನೊಬ್ಬರು ನೇರಳೆ ಬೀಜದ ಪುಡಿ. ಚಹಾದ ಸೋಮು ಕೇಳದೆಯೇ ಸಕ್ಕರೆ ಇಲ್ಲದ ಚಹಾ ಇಟ್ಟ.

"ಹೆದರ್ಬೇಡ್ವೋ ತಮಾ. ನಮ್ಮ ಅಜ್ಜ ಶುಗರ್ ಇಟ್ಕೊಂಡೇ ಇಪ್ಪತ್ತು ವರ್ಷ ಬದ್ಕಿದ್ದ."

"ಶುಗರ್ರಾ? ಯಾರು ಹೇಳಿದ್ದು?"

"ಗಂಗಕ್ಕ. ವೈಜಯಂತಿಗೂ ಹೇಳ್ಯಾಗದೆ."

ಚಂದನಾ ಕೈತಪ್ಪಿದರೆ ಈ ತೋಳು ಇದ್ದು ಪ್ರಯೋಜನವೇನು? ಕಿಶೋರ ಬೈಕು ಹತ್ತಿ ಹಾರವಾಡಕ್ಕೆ ಧಾವಿಸಿದ.

ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಸಿಗುವುದರಿಂದ ಅರ್ಧ ಊರೇ ಅಲ್ಲಿತ್ತು. ಮಾರ್ಕೆಟ್ಟಿಂದ ಮರಳಿದ್ದ ವೈಜಯಂತಿ, ಚಂದನಾ, ಮುಂದೆ ನಿಂತು ಕೂಗು ಹಾಕುತ್ತಿದ್ದ ಅವಳ ಸೋದರಮಾವ ಕುಪ್ಪ. ಕುಪ್ಪ ದೊಡ್ಡ ಬೋಟು ನಡೆಸುವ ತಾಂಡೇಲ; ಗಟ್ಟಿ ತೋಳಿನ ಹುಡುಗರು ಕಂಡರೆ ಬೋಟಿಗೆ ಕರೆಯದೆ ಬಿಡುವವನಲ್ಲ.

"ಸರೀರಿ ಎಲ್ಲಾ!" ಎಂದ ಕಿಶೋರ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆದ ನೋಡಿ! ಅಂಗಿಯ ತೋಳು ಪರ್ರೆಂದು ಹರಿಯಿತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಬಲೆ ದಂಡೆಗೆ ಬಂದು ಬಂಗುಡೆ ಪಟಪಟನೆ ಕುಣಿಯತೊಡಗಿತು.

"ಎಲಾ ಇವ್ನ! ನಿಂಗೆ ಶುಗರ್ ಅಂತಲ್ಲೋ?" ಎಂದ ಕುಪ್ಪ.

"ಶುಗರೂ ಇಲ್ಲ, ಮಣ್ಣೂ ಇಲ್ಲ ಮಾಮಾ! ಬೇಕಾದ್ರೆ ನಿಮ್ಮ ಬೋಟಿನ ಬಲೆನೂ ಒಬ್ನೇ ಎಳೀತೆ!"

"ಹೌದಾ? ನಂಗೂ ಒಬ್ಬ ಆಳು ಬೇಕಾಗಿತ್ತು. ನಾಳೆಯಿಂದ್ಲೇ ಬಾ. ಒಮ್ಮೆ ಹೋದ್ರೆ ಹತ್ತು ದಿನ ಸಮುದ್ರದಲ್ಲೇ!"

ದಂಡೆಯೆಲ್ಲ ಚಪ್ಪಾಳೆ. ಅಷ್ಟು ಜನರೆದುರು ಆಗುವುದಿಲ್ಲ ಎನ್ನಲಾದೀತೇ? "ಆಯ್ತು ಮಾಮಾ" ಎಂದು ಎದೆ ಉಬ್ಬಿಸಿ ಚಂದನಾಳತ್ತ ನೋಡಿದ. ಅವಳ ಮುಖ ಸಪ್ಪಗಾಗಿತ್ತು.

"ಬೋಟಿಗೆ ಹೋಗೂ ಗಂಡ ನಂಗೆ ಬೇಡ ಅಂತ ಆಯಿಗೆ ಮೊದ್ಲೇ ಹೇಳಿದ್ದೆ," ಎಂದಳು. "ನಿಂಗೆ ಶುಗರ್ ಅಂತ ಕೇಳಿ ಖುಷಿಯಾಗಿತ್ತು ಮಾರಾಯಾ. ಇನ್ನು ಮಾಮ ಇವನ್ನ ಬೋಟಿಗೆ ಕರೆಯೂದಿಲ್ಲ, ಮನೇಲೇ ಇರ್ತಾನೆ ಅಂತ ಈಗಷ್ಟೇ ಹೂಂ ಅಂದಿದ್ದೆ. ಈಗ ಬೇಡ."

ಕಿಶೋರ ಬಂದ ವೇಗದಲ್ಲೇ ಅಂಕೋಲೆಗೆ ಮರಳಿ ಗಂಗಕ್ಕನೆದುರು ಕೈ ಮುಗಿದ.

"ಅಕ್ಕಾ, ನಂಗೆ ಶುಗರ್ ಅದೆ ಅಂತ ಇನ್ನೊಂದ್ಸಲ ಎಲ್ಲಾರಿಗೂ ಹೇಳೇ!"

"ಥೋ ಹುಚ್ಚಾ! ನೀ ಬಲೆ ಎಳ್ದ ಸುದ್ದಿ ಫೋನಲ್ಲೇ ಬಂತು. ಪೋರ ಗುಂಡುಕಲ್ಲಿನ ಹಾಂಗೆ ಇದ್ದ ಅಂತ ಊರೆಲ್ಲಾ ಹೇಳಿ ಬಂದೆ. ಇನ್ನು ಸುಳ್ಳು ಹೇಳೂದು ನನ್ ಹತ್ರ ಆಗೂದಿಲ್ಲ," ಎಂದ ಗಂಗಕ್ಕ ಅವನ ಕೈಗೊಂದು ಲೋಟ ಚಹಾ ಕೊಟ್ಟಳು.

ಖುಷಿಗೆ ಮೂರು ಚಮಚ ಸಕ್ಕರೆ ಹಾಕಿದ್ದಳು.