ಅಂಗೈ ಚುಕ್ಕೆಯೂ ತೊಟ್ಟಿಲ ಶಾಸ್ತ್ರವೂ

ಅಂಟುರೋಗ ಯಾವಾಗಲೂ ಬೇರೆಯವರ ಮಕ್ಕಳಿಗೆ ಬರುತ್ತದೆ. ನಮ್ಮ ಮಕ್ಕಳಿಗೆ ಬರುವುದು ಬರೀ ಉಷ್ಣ. ಮೂಗು ಸುರಿದರೆ ಹವಾ ಬದಲಾಗಿರುತ್ತದೆ, ಮೈ ಬಿಸಿಯಾದರೆ ಬಿಸಿಲಲ್ಲಿ ಆಡಿರುತ್ತವೆ, ಗುಳ್ಳೆ ಎದ್ದರೆ ಸೊಳ್ಳೆ ಕಚ್ಚಿರುತ್ತದೆ. ಅದೇ ಪಕ್ಕದ ಮನೆಯ ಮಗು ಒಂದು ಸಲ ಸೀನಲಿ, ನಮ್ಮದನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತೇವೆ. ಊರ ತಾಯಂದಿರನ್ನು ಆಡಿಕೊಳ್ಳಲು ನಾನು ಈ ಮಾತು ಹೇಳುತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರೋಗ ಒಬ್ಬರಿಂದೊಬ್ಬರಿಗೆ ಹೇಗೆ ಹರಡುತ್ತದೆ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ ತೋರಿಸುತ್ತೇನೆ. ಆ ಬಾಣ ರಾಯಾಪುರದ ನಮ್ಮ ಮನೆಯ ಕಡೆಗೂ ತಿರುಗೀತು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಹೆಬ್ಬಳ್ಳಿಯಲ್ಲಿರುವ ನನ್ನ ತಮ್ಮನಿಗೆ ಹೆಣ್ಣುಮಗು ಹುಟ್ಟಿತ್ತು. ಭಾನುವಾರ ತೊಟ್ಟಿಲ ಕಾರ್ಯಕ್ರಮ. ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಅದೇ ಹೊತ್ತಿಗೆ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದುವುದರಲ್ಲಿ ಹಳೆಯ ಲೆಕ್ಕಗಳೂ ಕೆಲವು ತೀರುತ್ತವೆ. ಇರುವವನು ಒಬ್ಬನೇ ತಮ್ಮ. ಗುದ್ದಿಸಿಕೊಳ್ಳುವ ಈ ಭಾಗ್ಯಕ್ಕಾಗಿ ನಾನು ಇಳಕಲ್ ಸೀರೆ ತೆಗೆದಿಟ್ಟು, ಕೂಸಿಗೊಂದು ಗಿಲಕಿ ಕೊಂಡು, ಧಾರವಾಡದಿಂದ ಫೇಡೆ ತರಿಸಿ ಕಾಯುತ್ತಿದ್ದೆ. ‘ಸಮೃದ್ಧಿ’ ಎಂಬ ಹೆಸರನ್ನು ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. ಕುಕ್ಕರಿಗೆ ಹೆಸರಿಡುತ್ತಿದ್ದೇನೆಂದು ನಮ್ಮ ಯಜಮಾನರು ನಗುತ್ತಿದ್ದರು.

ಶನಿವಾರ ಸಂಜೆ ನನ್ನ ಮಗಳು ನಿಧಿ ಫೇಡೆ ಬೇಡವೆಂದಳು. ನಾಲ್ಕು ವರ್ಷದ ಈ ಹುಡುಗಿ ಹಿಂದೆಂದೂ ಆ ಮಾತು ಆಡಿದವಳಲ್ಲ.

“ಮಮ್ಮಿ, ಬಾಯಿ ಉರೀತೈತಿ,” ಎಂದಳು.

“ಉಷ್ಣ ಆಗಿರತೈತಿ, ನೀರು ಕುಡಿ,” ಎಂದೆ.

ಹಿಂದಿನ ದಿನ ಮೈ ಸ್ವಲ್ಪ ಬಿಸಿಯಿತ್ತು. ಅದಕ್ಕೂ ಬಿಸಿಲಿನ ಮೇಲೆ ತಪ್ಪು ಹೊರಿಸಿಯಾಗಿತ್ತು. ಭಾನುವಾರ ಬೆಳಿಗ್ಗೆ ಹೊಸ ಫ್ರಾಕ್ ತೊಡಿಸುವಾಗ ಅಂಗೈಯಲ್ಲಿ ಕೆಂಪು ಚುಕ್ಕೆಗಳು ಕಂಡವು. ಸೊಳ್ಳೆ ಎಂದುಕೊಂಡೆ. ಅಂಗಾಲಿನಲ್ಲೂ ಕಂಡವು. ಇದೂ ಸೊಳ್ಳೆಯೇ, ಬಹಳ ಶಿಸ್ತಿನ ಸೊಳ್ಳೆ ಎಂದುಕೊಂಡು ಕಾಲುಚೀಲ ಹಾಕಿದೆ. ಹಿಂದೆ ನಿಂತು ನೋಡುತ್ತಿದ್ದ ಯಜಮಾನರು, “ಕೈಗೂ ಕಾಲುಚೀಲ ಹಾಕಾಕಿ ಏನ?” ಎಂದು ಕೇಳಿದರು. ನಾಚಿಕೆಯಾಯಿತು. ಮಕ್ಕಳ ಡಾಕ್ಟರಿಗೆ ಫೋನು ಮಾಡಿ, ಚುಕ್ಕೆಗಳ ಫೋಟೋ ಕಳಿಸಿದೆ.

“ಬಾಯಾಗೂ ಹುಣ್ಣು ಆಗ್ಯಾವೇನ್ರಿ?” ಎಂದರು ಡಾಕ್ಟರ್ ಮೇಡಂ.

ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದೆ. ಆಗಿದ್ದವು.

“ಇದು ಕೈ-ಕಾಲು-ಬಾಯಿ ರೋಗ ಅನಸ್ತೈತ್ರಿ. ಅಂಜಬ್ಯಾಡ್ರಿ, ಹೆಚ್ಚಾಗಿ ತಾನ ಕಡಿಮಿ ಆಗತೈತಿ. ತಣ್ಣಂದು, ಮೆತ್ತಂದು ತಿನಸ್ರಿ, ನೀರು ಕುಡಸ್ತಾ ಇರ್ರಿ. ಏನೂ ಕುಡೀದಂಗಾದ್ರ ತಡಾ ಮಾಡಬ್ಯಾಡ್ರಿ, ಕರ್ಕೊಂಡ ಬರ್ರಿ. ಹೆಂಗಿದ್ರೂ ನಾಳೆ ಒಮ್ಮೆ ತೋರಿಸ್ರಿ. ಜ್ವರ ಹೋಗಿ ಗುಳ್ಳಿ ಒಣಗೂ ತನಕ ಸಾಲಿಗಿ ಕಳಸಬ್ಯಾಡ್ರಿ. ಜೊಲ್ಲು, ಸೀನು, ಆಟದ ಸಾಮಾನು, ಎಲ್ಲಾದರಿಂದಲೂ ಹರಡತೈತಿ. ತಾಟು, ಲೋಟ, ಟಾವೆಲ್ ಬ್ಯಾರೆ ಇಡ್ರಿ. ಕೈ ತೊಳಕೊಳ್ಳೂದು ಮಾತ್ರ ಬಿಡಬ್ಯಾಡ್ರಿ.”

“ಇವತ್ತ ಸಣ್ಣ ಕೂಸಿನ ತೊಟ್ಟಿಲಿಗಿ ಹೋಗೂದಿತ್ರೀ ಮೇಡಂ. ಇವಳನ್ನ ಇವರಪ್ಪನ ಹತ್ರ ಬಿಟ್ಟು ನಾ ಒಬ್ಬಾಕಿ ಹೋಗಿ ಬರ್ಲ್ಯಾ?”

“ಟೀಚರ್ ಅದೀರಲ್ರಿ ನೀವು?” ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ನಮಗೆ ರೋಗದ ಲಕ್ಷಣ ಕಾಣದಿದ್ದರೂ ನಾವು ಅದನ್ನು ಹೊತ್ತುಕೊಂಡು ಹೋಗಬಹುದು ಎಂಬುದು ನನ್ನದೇ ಬೋರ್ಡಿನ ಚಿತ್ರ.

ಹೆಬ್ಬಳ್ಳಿಗೆ ಫೋನು ಹಚ್ಚಿದೆ. ಅಪ್ಪ ಎತ್ತಿಕೊಂಡ.

“ಅಪ್ಪಾ, ನಿಧಿಗಿ ಕೈ-ಕಾಲು-ಬಾಯಿ ರೋಗ ಬಂದೈತಿ.”

“ಏನಂದಿ? ಕಾಲುಬಾಯಿ ಬ್ಯಾನಿನ? ಅದು ದನಕ್ಕ ಬರೂದಲ್ಲೇನ? ಯವ್ವಾ, ಮನ್ಯಾಗ ಎರಡ ಎತ್ತು, ಒಂದ ಎಮ್ಮಿ ಅದಾವ! ಇತ್ತಾಗ ಬರಬ್ಯಾಡ್ರಿ!”

“ಅದು ಬ್ಯಾರೇ, ಇದು ಬ್ಯಾರೇ ಅಪ್ಪಾ. ಇದು ಮಕ್ಕಳಿಗಿ ಬರೂದು. ನಿನ್ನ ಎತ್ತಿಗಿ ಏನೂ ಆಗೂದಿಲ್ಲ.”

“ಖರೇನ?”

“ಖರೇ.”

“ಎತ್ತಿಗಿ ಬರೂದಿಲ್ಲ, ಕೂಸಿಗಿ ಬರತೈತೇನ?”

“ಬರಬಹುದು.”

“ಹಂಗಾರ ಕೂಸಿನ ಸಲುವಾಗಿ ಬರಬ್ಯಾಡ್ರಿ,” ಎಂದ ಅಪ್ಪ, ಈ ಸಲ ಶಾಂತವಾಗಿ.

‘ನೀ ಇಲ್ಲದ ಹೆಂಗ’ ಎಂದು ಒಂದು ಮಾತು ಅಂದಾನೆಂದು ನಾನು ಫೋನು ಹಿಡಿದೇ ನಿಂತಿದ್ದೆ. ಅವನು ಎಮ್ಮೆಗೆ ಮೇವು ಹಾಕಲು ಹೋದ. ಇಳಕಲ್ ಸೀರೆಯನ್ನು ಮಡಚುವಾಗ ನನ್ನ ಕಣ್ಣು ತುಂಬಿ ಬಂದವು. ಎದುರಿಗೆ ನಿಧಿ ಕೂತಿದ್ದಳು. “ಪಾಪೂನ ನೋಡಾಕ ಹೋಗೂದಿಲ್ಲೇನ ಮಮ್ಮಿ?” ಎಂದು ಕೇಳಿದಾಗ ಅವಳ ಬಾಯಿಯ ಉರಿಗೆ ನನ್ನ ಸಿಟ್ಟೂ ಸೇರುವುದು ಬೇಡವೆಂದು, “ಗುಳ್ಳಿ ಹೋದ ಮ್ಯಾಲೆ ಹೋಗೂಣು,” ಎಂದೆ. ನಿಧಿಯ ತರಗತಿಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಅವಳ ಸುದ್ದಿ ಹಾಕಿದೆ. ಹಾಕಿದ ಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು: ಅವರ ಮಗನಿಗೂ ಉಷ್ಣ, ಇವರ ಮಗಳಿಗೂ ಸೊಳ್ಳೆ. ಇಡೀ ತರಗತಿಗೇ ಸೊಳ್ಳೆ ಕಚ್ಚಿತ್ತು.

ಮಧ್ಯಾಹ್ನ ತಮ್ಮನೇ ಒಂದು ಉಪಾಯ ಮಾಡಿದ. “ಅಕ್ಕಾ, ನೀ ಬರದಿದ್ರ ಏನಾತು, ಫೋನಿನ್ಯಾಗ ಹೆಸರ ಹೇಳು. ಸ್ಪೀಕರ್ ಹಾಕಿ ಕೂಸಿನ ಕಿವಿ ಹತ್ರ ಹಿಡೀತೇನಿ.” ಗುದ್ದು ತಿನ್ನಲು ತಾನೇ ಬೆನ್ನು ಕೊಡುವುದಾಗಿಯೂ ಒಪ್ಪಿಕೊಂಡ. ನಾನು ಮುಖ ತೊಳೆದು, ಮಡಚಿಟ್ಟ ಸೀರೆಯನ್ನೇ ಮತ್ತೆ ಉಟ್ಟು, ನಡುಮನೆಯಲ್ಲಿ ಕೂತೆ. ಹೆಬ್ಬಳ್ಳಿಯಲ್ಲಿ ಹಾಡು ಮುಗಿಯಿತು. ಗದ್ದಲ ನಿಂತಿತು. “ಹೇಳಕ್ಕಾ,” ಎಂದ ತಮ್ಮ.

“ಕುರ್ರ್...” ಎಂದು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ನಿಧಿ, ಕೂಸಿಗೆಂದು ತಂದ ಹೊಸ ಗಿಲಕಿಯನ್ನು ಚೀಲದಿಂದ ತೆಗೆದು, ಚೆನ್ನಾಗಿ ನೆಕ್ಕಿ, ಬೆರಳುಗಳನ್ನೂ ಬಾಯಲ್ಲಿ ಅದ್ದಿ, ಮತ್ತೆ ಅದನ್ನು ಅಚ್ಚುಕಟ್ಟಾಗಿ ಚೀಲದೊಳಗೆ ಇಡುತ್ತಿರುವುದು ಕಂಡಿತು.

“ಕೈ ತೊಳಕೋ!” ಎಂದು ಕಿರುಚಿದೆ.

ಹೆಬ್ಬಳ್ಳಿಯಲ್ಲಿ ದಬದಬ ಗುದ್ದು ಬಿದ್ದವು. ತಮ್ಮನ ನರಳಾಟ, ಹೆಂಗಸರ ನಗು, ಕೂಸಿನ ಅಳು ಒಟ್ಟಿಗೇ ಕೇಳಿದವು. ನಾನು ‘ಸಮೃದ್ಧಿ, ಸಮೃದ್ಧಿ’ ಎಂದು ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ.

ನಿಧಿಯ ಗುಳ್ಳೆಗಳು ಒಣಗಿದವು, ಅವಳು ಮತ್ತೆ ಫೇಡೆ ಕೇಳಲು ಶುರುಮಾಡಿದಳು. ಡಾಕ್ಟರ್ ಮೇಡಂ ಹೂಂ ಅಂದ ಮೇಲೆಯೇ ಹೆಬ್ಬಳ್ಳಿಯ ಬಸ್ಸು ಹತ್ತಿದೆವು. ಬಸ್ಸಿಳಿದು ಮನೆ ಮುಟ್ಟಿದವಳೇ ನಾನು ಚೀಲವನ್ನು ಕಟ್ಟೆಯ ಮೇಲೆ ಎಸೆದು, ಎರಡೂ ಕೈ ಚಾಚಿ ತೊಟ್ಟಿಲಿನ ಕಡೆ ಓಡಿದೆ. ಅಪ್ಪ ಬಾಗಿಲಲ್ಲಿ ಅಡ್ಡ ನಿಂತ.

“ಯವ್ವಾ, ಕೂಸಿನ ಹೆಸರೇನ?”

“ಸಮೃದ್ಧಿ, ಅಪ್ಪಾ.”

“ಅದಲ್ಲ. ನೀ ಮೊದಲ ಇಟ್ಟಿದ್ದು.”

ನಾನು ಚಾಚಿದ ಕೈಗಳನ್ನು ಇಳಿಸಿ, ಬಚ್ಚಲಮನೆಯ ಕಡೆ ನಡೆದೆ.